ಕೃಪೆಯ ಆಸರೆ: ವ್ಯಸನಪೀಡಿತರ ಸೇವಾಸಂಸ್ಥೆಯೊಂದರ ಚರಿತ್ರೆ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯದ ಕಟ್ಟಡ, ಗಂಟೆಗೋಪುರಗಳ ಚರಿತ್ರೆಯನ್ನು ನಾವು ಸ್ಮರಿಸುವುದು ಸಹಜ. ಅದರೊಡನೆ, ದೇವಾಲಯವೊಂದರ ಆವರಣದಲ್ಲೇ ಹುಟ್ಟಿ, ಕುಡಿತ ಹಾಗೂ ಮಾದಕವಸ್ತುಗಳ ದಾಸ್ಯದಲ್ಲಿ ನರಳುವವರಿಗೆ ಆಸರೆಯಾದ ಸಂಸ್ಥೆಯೊಂದರ ಚರಿತ್ರೆಯೂ ನಮ್ಮ ಮನನಕ್ಕೆ ಯೋಗ್ಯವಾದುದು. ಅದೇ ಮುಂಬಯಿಯ ಕೃಪಾ ಫೌಂಡೇಶನ್.

ಈ ಸೇವೆಯ ಬೇರು ಅಮೆರಿಕದಲ್ಲಿದೆ. 1935ರಲ್ಲಿ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಹಾಗೂ ವೈದ್ಯರಾದ ಬಾಬ್ ಸ್ಮಿತ್, ಕುಡಿತದಿಂದ ಕಂಗೆಟ್ಟಿದ್ದ ಇಬ್ಬರೂ, ಪರಸ್ಪರ ನೆರವಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಆರಂಭಿಸಿದರು. ಕುಡುಕರೆಂದರೆ ಆಸ್ಪತ್ರೆಗಳೂ ಬಾಗಿಲು ಮುಚ್ಚುತ್ತಿದ್ದ ಕಾಲವದು. 1939ರಲ್ಲಿ ಅದೇ ನಗರದ ಸಂತ ತೋಮಾಸರ ಆಸ್ಪತ್ರೆಯಲ್ಲಿದ್ದ ಕನ್ಯಾಸ್ತ್ರೀ ಇಗ್ನೇಷಿಯಾ, ಅಂತಹವನೊಬ್ಬನನ್ನು ಜಠರದ ಉರಿಯೂತದ ರೋಗಿಯೆಂದು ದಾಖಲೆಯಲ್ಲಿ ಬರೆದು ಒಳಗೆ ಸೇರಿಸಿಕೊಂಡರು. ಆ ತಾಯಿಯ ದೃಷ್ಟಿಯಲ್ಲಿ ಅವನು ಶುಶ್ರೂಷೆಗೆ ಅರ್ಹನಾದ ರೋಗಿಯೇ ಹೊರತು ತಿರಸ್ಕಾರಕ್ಕೆ ಪಾತ್ರನಾದ ಪಾಪಿಯಲ್ಲ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾದಕವ್ಯಸನಿಗಳಿಗಾಗಿ ನಾರ್ಕೋಟಿಕ್ಸ್ ಅನಾನಿಮಸ್ ಎಂಬ ಕೂಟವೂ ಉದಯಿಸಿತು.

ನಮ್ಮ ದೇಶದಲ್ಲಿ, ಬ್ರೌನ್ ಶುಗರ್ ಎಂಬ ವಿಷವು ಮುಂಬಯಿಯ ಯುವಜನರನ್ನು ಆವರಿಸತೊಡಗಿದ್ದ ದಿನಗಳಲ್ಲಿ, 1981ರಲ್ಲಿ, ವಂದನೀಯ ಸ್ವಾಮಿ ಜೋಸೆಫ್ ಪೆರೇರಾ ಅವರು ಬಾಂದ್ರಾದ ಕಾರ್ಮೆಲ್ ಮಾತೆಯ ದೇವಾಲಯದ ಆವರಣದಲ್ಲಿ ಕೃಪಾ ಸಂಸ್ಥೆಯನ್ನು ಸ್ಥಾಪಿಸಿದರು. ತಾವೂ ಒಮ್ಮೆ ಮದ್ಯಕ್ಕೆ ದಾಸರಾಗಿದ್ದುದನ್ನು ಅವರು ಮರೆಮಾಚಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಹನ್ನೆರಡು ಮೆಟ್ಟಿಲುಗಳ ಸಾಧನೆಗೆ ತಮ್ಮ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ಯರ ಆಸನ, ಪ್ರಾಣಾಯಾಮಗಳನ್ನು ಅವರು ಜೋಡಿಸಿದರು. ಆ ಯೋಗಾಚಾರ್ಯರು 1918ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ವ್ಯಸನದಿಂದ ಜರ್ಜರಿತವಾದ ದೇಹ, ಉಸಿರು, ಮನಸ್ಸುಗಳು ಒಟ್ಟಾಗಿಯೇ ಚೇತರಿಸಿಕೊಳ್ಳಬೇಕೆಂಬುದು ಈ ಕ್ರಮದ ತಾತ್ಪರ್ಯ. ಮುಂದೆ ಸಂಸ್ಥೆಯು ಹಲವು ರಾಜ್ಯಗಳಿಗೆ ಹಬ್ಬಿ, ಎಚ್.ಐ.ವಿ. ಪೀಡಿತರ ಸೇವೆಯನ್ನೂ ಕೈಗೊಂಡಿತು. 2009ರಲ್ಲಿ ಸ್ಥಾಪಕರಿಗೆ ಭಾರತ ಸರ್ಕಾರದ ಪದ್ಮಶ್ರೀ ಪುರಸ್ಕಾರ ಸಂದಿತು.

ಪ್ರಿಯ ವಿಶ್ವಾಸಿಗಳೇ, ಬಿದ್ದವನೇ ಎದ್ದು ಮತ್ತೊಬ್ಬನ ಕೈಹಿಡಿಯಬಲ್ಲನೆಂಬುದೇ ಈ ಚರಿತ್ರೆಯ ಸಾರ. ಮಾನ ಹೋದೀತೆಂಬ ಭಯದಿಂದ ಮಗನ ವ್ಯಸನವನ್ನು ಮುಚ್ಚಿಟ್ಟು ಏಕಾಂತದಲ್ಲಿ ಕಣ್ಣೀರು ಸುರಿಸುವ ತಾಯಂದಿರು ಯಾವ ಧರ್ಮಕೇಂದ್ರದಲ್ಲಿ ಇಲ್ಲ? ಅಂಥವರ ಮನೆಯ ಸುದ್ದಿಯನ್ನು ಬೀದಿಯ ಮಾತಾಗಿಸದೆ, ದಾರಿಯಲ್ಲಿ ಗಾಯಗೊಂಡು ಬಿದ್ದವನ ಬಳಿ ನಿಂತ ಸಮಾರಿತನಂತೆ ನಾವು ಅವರ ಪಕ್ಕದಲ್ಲಿ ನಿಲ್ಲೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ದೇವಾಲಯಕ್ಕೆ ಇದಕ್ಕಿಂತ ಮಿಗಿಲಾದ ಅಲಂಕಾರ ಬೇರೊಂದಿಲ್ಲ.