ಮೆದುಳು, ಮನಸ್ಸಿನ ಆರೋಗ್ಯ: ಸಕಲವಾರದಿಂದ ಶ್ರೀನಿವಾಸಪುರದವರೆಗೆ

ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಹೋಗುವ ಕುಟುಂಬವು, ಮನೆಯವರೊಬ್ಬರ ನಡೆನುಡಿ ಬದಲಾದಾಗ ಮಾತ್ರ ತಿಂಗಳುಗಟ್ಟಲೆ ಕಾಯುತ್ತದೆ. ಗಾಳಿ ಸೋಕಿರಬಹುದು, ಗ್ರಹಚಾರ ಕೆಟ್ಟಿರಬಹುದು, ಮದುವೆ ಮಾಡಿದರೆ ಸರಿಹೋಗಬಹುದು ಎಂಬ ನಂಬಿಕೆಗಳ ನಡುವೆ ಚಿಕಿತ್ಸೆಗೆ ಅತ್ಯಂತ ಅನುಕೂಲವಾದ ಕಾಲ ಕಳೆದುಹೋಗುತ್ತದೆ. ಮೂರ್ಛೆರೋಗ, ಪಾರ್ಶ್ವವಾಯು, ವೃದ್ಧಾಪ್ಯದ ಮರೆಗುಳಿತನಗಳ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ಈ ವಿಳಂಬವನ್ನು ತಗ್ಗಿಸುವುದೇ ಮೆದುಳು ಮತ್ತು ಮನಸ್ಸಿನ ಆರೋಗ್ಯಕ್ಕಾಗಿ ರೂಪುಗೊಂಡ ಕಾರ್ಯಕ್ರಮಗಳ ಮೂಲ ಉದ್ದೇಶ. ಇವುಗಳಲ್ಲಿ ಹಲವು ಕರ್ನಾಟಕದ ನೆಲದಲ್ಲೇ ಪ್ರಯೋಗಗೊಂಡು ದೇಶಕ್ಕೆ ಮಾದರಿಯಾದುವು.

ಆಶ್ರಯಧಾಮದಿಂದ ನಿಮ್ಹಾನ್ಸ್‌ಗೆ

ಬೆಂಗಳೂರಿನಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಮನೋರೋಗಿಗಳಿಗಾಗಿ ಆರಂಭವಾದ ಆಶ್ರಯಧಾಮವು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಕೇಂದ್ರ ಸರಕಾರವು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿತು. ಇವೆರಡೂ 1974ರ ಡಿಸೆಂಬರ್ 27ರಂದು ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಅಸ್ತಿತ್ವಕ್ಕೆ ಬಂದಿತು. ಇದಕ್ಕೆ 1994ರಲ್ಲಿ ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 2012ರ ಕಾಯಿದೆಯು ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು.

ಮನೋವೈದ್ಯ, ನರರೋಗ ಮತ್ತು ನರಶಸ್ತ್ರಚಿಕಿತ್ಸಾ ವಿಭಾಗಗಳು ಒಂದೇ ಆವರಣದಲ್ಲಿರುವುದು ಈ ಸಂಸ್ಥೆಯ ವೈಶಿಷ್ಟ್ಯ. ಮೂರ್ಛೆರೋಗಿಯೂ ಖಿನ್ನತೆಗೆ ಒಳಗಾದವನೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಮನೋರೋಗವೂ ಇತರ ರೋಗಗಳಂತೆಯೇ ಒಂದು ರೋಗ, ಅದಕ್ಕೂ ಔಷಧವುಂಟು ಎಂಬ ತಿಳಿವಳಿಕೆ ಜನರಲ್ಲಿ ಹರಡಲು ಈ ವ್ಯವಸ್ಥೆಯೂ ನೆರವಾಗಿದೆ.

ಹಳ್ಳಿಯತ್ತ ಹೊರಟ ಚಿಕಿತ್ಸೆ

ರಾಜಧಾನಿಯಲ್ಲಿ ಎಷ್ಟೇ ದೊಡ್ಡ ಆಸ್ಪತ್ರೆಯಿದ್ದರೂ ಹಳ್ಳಿಯ ಬಡವನಿಗೆ ಅದು ಎಟಕುವುದಿಲ್ಲ. ಬಸ್ಸಿನ ಖರ್ಚು, ಕಳೆದುಕೊಳ್ಳಬೇಕಾದ ಕೂಲಿ, ಜೊತೆಗೆ ಬರಬೇಕಾದ ಸಂಬಂಧಿಕರ ಅನನುಕೂಲ ಇವೆಲ್ಲವೂ ಅಡ್ಡಿಯಾಗುತ್ತವೆ. ಇದನ್ನು ಮನಗಂಡ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯ ಘಟಕವನ್ನು ಆರಂಭಿಸಿತು. ಬನ್ನೇರುಘಟ್ಟ ರಸ್ತೆಯ ಸಮೀಪದ ಸಕಲವಾರ ಗ್ರಾಮವು ಅದರ ಪ್ರಯೋಗಶಾಲೆಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತೆಯರಿಗೆ ಅಲ್ಪಾವಧಿಯ ತರಬೇತಿ ನೀಡಿದರೆ, ತೀವ್ರ ಮನೋರೋಗ ಮತ್ತು ಮೂರ್ಛೆರೋಗಗಳನ್ನು ಗುರುತಿಸಿ, ಕೆಲವೇ ಔಷಧಗಳ ನೆರವಿನಿಂದ ಊರಿನಲ್ಲೇ ಚಿಕಿತ್ಸೆ ನೀಡಬಹುದೆಂಬುದು ಅಲ್ಲಿ ಕಂಡುಬಂದಿತು. ಅದೇ ಕಾಲದಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯೂ ಹರಿಯಾಣದ ರಾಯಪುರ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿತ್ತು.

ಈ ಅನುಭವದ ತಳಹದಿಯ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ಆದರೆ ಒಂದು ಹಳ್ಳಿಯಲ್ಲಿ ಸಾಧ್ಯವಾದದ್ದು ಇಡೀ ಜಿಲ್ಲೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆ ಉಳಿದಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಅದಕ್ಕೆ ಉತ್ತರ ನೀಡಿತು. ಪ್ರತ್ಯೇಕ ಆಸ್ಪತ್ರೆ ಕಟ್ಟದೆ, ಇರುವ ಆರೋಗ್ಯ ವ್ಯವಸ್ಥೆಯನ್ನೇ ಬಳಸಿಕೊಂಡದ್ದು ಇದರ ಹಿರಿಮೆ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದನ್ನು ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ಹಂತಹಂತವಾಗಿ ವಿಸ್ತರಿಸಲಾಯಿತು. 2014ರಲ್ಲಿ ಕರ್ನಾಟಕ ಸರಕಾರವು ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರಕುವಂತೆ ಮಾಡಿತು.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಜ್ಞರು ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಗೆ ಒಳಗಾದವರನ್ನು ಅವರ ಊರಿನಲ್ಲೇ ಗುರುತಿಸಿ, ಚಿಕಿತ್ಸೆ ನೀಡಿ, ವರ್ಷಗಳ ಕಾಲ ಗಮನಿಸಿದ್ದಾರೆ. ಔಷಧ ಪಡೆದವರ ದೈನಂದಿನ ಬದುಕಿನ ಅಸಾಮರ್ಥ್ಯವು ಪಡೆಯದವರಿಗಿಂತ ಕಡಿಮೆಯೆಂಬುದು ಈ ಅಧ್ಯಯನದಿಂದ ತಿಳಿದುಬಂದಿದೆ.

ಜ್ಞಾನಪ್ರಸಾರವೂ ಚಿಕಿತ್ಸೆಯ ಒಂದು ಅಂಗ. ಈ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋರೋಗ, ಮಕ್ಕಳ ಕಲಿಕೆ, ದಾಂಪತ್ಯ, ಮದ್ಯವ್ಯಸನ ಮುಂತಾದ ವಿಷಯಗಳ ಕುರಿತು ಸರಳ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ರಚಿಸಿದ್ದಾರೆ.

ಕಾನೂನಿನ ರಕ್ಷಣೆ

ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸಂಭವಿಸಿದ ಬೆಂಕಿ ಅನಾಹುತವು ದೇಶದ ಕಣ್ಣು ತೆರೆಸಿತು. ದರ್ಗಾದ ಪರಿಸರದ ಖಾಸಗಿ ಆಶ್ರಯ ಗುಡಿಸಲಿನಲ್ಲಿ ಸರಪಳಿಯಿಂದ ಬಂಧಿತರಾಗಿದ್ದ 28 ಮನೋರೋಗಿಗಳು ಓಡಲಾಗದೆ ಪ್ರಾಣ ಕಳೆದುಕೊಂಡರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು.

2017ರಲ್ಲಿ ಸಂಸತ್ತು ಅಂಗೀಕರಿಸಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯನ್ನು ಯಾವುದೇ ವಿಧದಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಸರಕಾರ ನಡೆಸುವ ಅಥವಾ ಅದರ ಧನಸಹಾಯ ಪಡೆಯುವ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಅದು ಸಾರಿದೆ. ದೈಹಿಕ ರೋಗಗಳಿಗೆ ಇರುವ ಆಧಾರದಲ್ಲೇ ಮನೋರೋಗಕ್ಕೂ ವಿಮಾ ಸೌಲಭ್ಯ ಇರಬೇಕೆಂದು ವಿಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಕಲ್ಪಿಸುವುದು ಸರಕಾರದ ಕರ್ತವ್ಯ ಎಂಬುದೂ ಈ ಕಾಯಿದೆಯಲ್ಲಿದೆ.

ಮೆದುಳಿಗಾಗಿಯೇ ಒಂದು ಯೋಜನೆ

ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆಗಳು ಜೊತೆಗೂಡಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದುವು. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು ಮತ್ತು ಡಿಮೆನ್ಷಿಯಾ ಎಂಬ ಮರೆಗುಳಿ ಕಾಯಿಲೆಗಳನ್ನು ಪ್ರಾಥಮಿಕ ಹಂತದಲ್ಲೇ ಗುರುತಿಸಲು ವೈದ್ಯರಿಗೆ ತರಬೇತಿ ನೀಡುವುದು, ಜಿಲ್ಲಾ ಮಟ್ಟದಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯಗಳನ್ನು ನಡೆಸುವುದು ಇದರ ಉದ್ದೇಶ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ ಭಾಗದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದನ್ನು ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

ಈ ರೋಗಗಳಲ್ಲಿ ಸಮಯದ ಪಾತ್ರ ಬಹು ದೊಡ್ಡದು. ಮೆದುಳಿನ ರಕ್ತನಾಳ ಮುಚ್ಚಿಕೊಂಡು ಉಂಟಾಗುವ ಪಾರ್ಶ್ವವಾಯುವಿನಲ್ಲಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ಎಣ್ಣೆ ತಿಕ್ಕಿಸುವುದರಲ್ಲಿ, ನಾಟಿ ಔಷಧ ಹುಡುಕುವುದರಲ್ಲಿ ಆ ಅವಧಿ ಮುಗಿದರೆ ಈ ಚಿಕಿತ್ಸೆಯ ಅವಕಾಶ ಕೈತಪ್ಪುತ್ತದೆ.

ಶ್ರೀನಿವಾಸಪುರದ ಅಧ್ಯಯನ

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಲ್ಲಿ ದೀರ್ಘಕಾಲೀನ ಅಧ್ಯಯನವೊಂದನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಗ್ರಾಮೀಣರನ್ನು ಸೇರಿಸಿಕೊಳ್ಳುವುದು ಅದರ ಗುರಿ. ಇವರ ಸ್ಮರಣಶಕ್ತಿ, ರಕ್ತ, ವಂಶವಾಹಿ, ಮೆದುಳಿನ ಚಿತ್ರಣ ಮುಂತಾದವುಗಳನ್ನು ಪರೀಕ್ಷಿಸಿ, ವರ್ಷಗಳು ಕಳೆದಂತೆ ಆಗುವ ಬದಲಾವಣೆಗಳನ್ನು ದಾಖಲಿಸಲಾಗುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡ ಪರೀಕ್ಷೆಗಳು ಓದುಬರಹ ಬಲ್ಲವರನ್ನು ಗಮನದಲ್ಲಿಟ್ಟುಕೊಂಡವು. ಪೆನ್ನು ಹಿಡಿದೇ ಇರದ ರೈತನಿಗೆ ಚಿತ್ರ ಬರೆಯಲು ಹೇಳಿದರೆ, ಮರೆವಿಲ್ಲದವನೂ ಅನುತ್ತೀರ್ಣನಾದಾನು. ಆದುದರಿಂದ ಪರೀಕ್ಷೆಗಳನ್ನು ಕನ್ನಡಕ್ಕೂ ಇಲ್ಲಿನ ಜನಜೀವನಕ್ಕೂ ಹೊಂದಿಸಬೇಕಾಯಿತು. ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವ ಮಾನವ ಮೆದುಳು ನಿಧಿಯೂ ಸಂಶೋಧನೆಗೆ ಅಮೂಲ್ಯ ಆಧಾರ. ಮರಣಾನಂತರ ಕುಟುಂಬದವರ ಸಮ್ಮತಿಯಿಂದ ದಾನವಾಗಿ ಬಂದ ಮೆದುಳುಗಳನ್ನು ಅಲ್ಲಿ ಸಂರಕ್ಷಿಸಲಾಗುತ್ತದೆ.

ಭಾಷೆಗೂ ಮೆದುಳಿಗೂ ಇರುವ ನಂಟಿನ ಬಗ್ಗೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ನಡೆಸಿದ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಡಿಮೆನ್ಷಿಯಾ ಇದ್ದ 648 ಮಂದಿಯನ್ನು ಪರಿಶೀಲಿಸಿದಾಗ, ಎರಡು ಭಾಷೆ ಬಲ್ಲವರಲ್ಲಿ ರೋಗಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದುವು. ಅನಕ್ಷರಸ್ಥರಲ್ಲೂ ಈ ವ್ಯತ್ಯಾಸವಿತ್ತು.

ತಡೆಯಬಹುದಾದದ್ದು ಎಷ್ಟು?

ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜಿಸಿದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಶಿಕ್ಷಣದ ಕೊರತೆ, ಕಿವುಡುತನ, ದೃಷ್ಟಿದೋಷ, ರಕ್ತದ ಏರೊತ್ತಡ, ಮಧುಮೇಹ, ಹೊಗೆಬತ್ತಿ, ಅತಿಯಾದ ಮದ್ಯಪಾನ, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ವಾಯುಮಾಲಿನ್ಯ ಮುಂತಾದವು ಇದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂಬುದು ಆಯೋಗದ ಅಂದಾಜು. ಅಜ್ಜನಿಗೆ ಸಕಾಲದಲ್ಲಿ ಶ್ರವಣಯಂತ್ರ ಕೊಡಿಸುವುದು, ಹೆಲ್ಮೆಟ್ ಧರಿಸುವುದು, ಬಿ.ಪಿ. ಮಾತ್ರೆಯನ್ನು ನಡುವೆ ಬಿಡದಿರುವುದು ಕೂಡ ಮೆದುಳಿನ ರಕ್ಷಣೆಯೇ.

ಉಳಿದಿರುವ ಕೊರತೆ

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಬೇರೆಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ಔಷಧವಿರುವ ರೋಗಕ್ಕೆ ಔಷಧ ತಲುಪದಿರುವುದೇ ಇಲ್ಲಿನ ದುರಂತ.

ತಜ್ಞರ ಕೊರತೆಯ ಜೊತೆಗೆ, ಚಿಕಿತ್ಸೆ ನಡುವೆ ನಿಂತುಹೋಗುವುದೂ ದೊಡ್ಡ ಸಮಸ್ಯೆ. ಚಿತ್ತವಿಕಲತೆಗೂ ಮೂರ್ಛೆರೋಗಕ್ಕೂ ದೀರ್ಘಕಾಲ ಮಾತ್ರೆ ಬೇಕು. ಹತ್ತಿರದ ಕೇಂದ್ರದಲ್ಲಿ ಮಾತ್ರೆ ಮುಗಿದರೆ, ಅಥವಾ ತರಬೇತಿ ಪಡೆದ ವೈದ್ಯರು ವರ್ಗವಾದರೆ, ರೋಗ ಮರುಕಳಿಸುತ್ತದೆ. ಆಗ ಔಷಧದ ಮೇಲಿನ ನಂಬಿಕೆಯೂ ಕುಸಿಯುತ್ತದೆ. ಆರೈಕೆಯ ಹೊರೆ ಬಹುತೇಕ ಮನೆಯ ಹೆಂಗಸರ ಮೇಲೆಯೇ ಬೀಳುತ್ತದೆ. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, 1998ರ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮುಂತಾದ ಸಂಸ್ಥೆಗಳು ಪುನರ್ವಸತಿ ಮತ್ತು ವೃದ್ಧರ ಆರೈಕೆಯಲ್ಲಿ ತೊಡಗಿವೆಯಾದರೂ, ಇಂಥ ಸೌಲಭ್ಯಗಳು ನಗರಗಳಾಚೆಗೆ ವಿರಳ.

ನೆರವು ಎಲ್ಲಿ?

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ಸಂದರ್ಭದಲ್ಲಿ, ‘ಟೆಲಿ ಮಾನಸ್’ ದೂರವಾಣಿ ಸೇವೆಗೆ ಚಾಲನೆ ದೊರೆಯಿತು. ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರವಾಗಿದೆ. 14416 ಅಥವಾ 1800-891-4416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಮಾಲೋಚನೆ ಪಡೆಯಬಹುದು.

ಎರಡು ವಾರಕ್ಕೂ ಮೀರಿದ ಬೇಸರ, ನಿದ್ರಾಹೀನತೆ, ಯಾರೋ ಮಾತನಾಡಿದಂತೆ ಕೇಳಿಸುವುದು, ವಿನಾಕಾರಣ ಸಂಶಯ, ಪರಿಚಿತ ದಾರಿಯೇ ಮರೆತುಹೋಗುವುದು ಕಂಡುಬಂದರೆ ಹತ್ತಿರದ ಸರಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಸಾಯುವ ಮಾತನ್ನು ಯಾರಾದರೂ ಆಡಿದಲ್ಲಿ ಅದನ್ನು ಲಘುವಾಗಿ ಪರಿಗಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ನೆರವು ಕೋರುವುದು ಅಗತ್ಯ. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳಾಗಿದ್ದು, ಆಗ 108 ಆಂಬುಲೆನ್ಸ್ ಕರೆಯಲು ಒಂದು ಕ್ಷಣವೂ ತಡಮಾಡಬಾರದು.