ಆಷಾಢದ ಗಾಳಿ, ಬೇಸಿಗೆಯ ಬಿಸಿಲು ಮತ್ತು ಕೃಷ್ಣೆಯ ಗಡ್ಡಿಗಳು

ಗದಗದ ಬಿಂಕದಕಟ್ಟಿಯಲ್ಲಿ ಏಳುವ ಕಪ್ಪತಗುಡ್ಡದ ಸಾಲು ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿಗೆ, ತುಂಗಭದ್ರೆಯ ದಂಡೆಗೆ ಬಂದು ಮುಗಿಯುತ್ತದೆ. ಕರ್ನಾಟಕದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಮೊದಮೊದಲ ಪ್ರಯತ್ನಗಳಲ್ಲೊಂದು ನಡೆದದ್ದು ಈ ಗುಡ್ಡದ ಮೇಲೆ. ಕರ್ನಾಟಕ ವಿದ್ಯುತ್ ನಿಗಮ ಇಲ್ಲಿ ನಿಲ್ಲಿಸಿದ ಯಂತ್ರಗಳು ತಲಾ 225, 230 ಕಿಲೋವಾಟಿನವು. ಇವತ್ತು ಗದಗ ಸೀಮೆಯ ಎರೆಹೊಲಗಳಲ್ಲಿ ಏಳುತ್ತಿರುವ ಒಂದೊಂದು ಗಾಳಿ ಫ್ಯಾನೂ 2 ಮೆಗಾವಾಟ್ ಮುಟ್ಟುತ್ತದೆ, ಮೀರುತ್ತದೆ.

ಆದರೂ ಗಾಳಿಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಅದರ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ. ಆಷಾಢದಲ್ಲಿ ಫ್ಯಾನುಗಳು ಹಗಲಿರುಳು ತಿರುಗುತ್ತವೆ. ಅದೇ ಹೊತ್ತಿಗೆ ಮೋಡ ಕವಿದು ಸೌರಫಲಕ ಸೊರಗುತ್ತದೆ. ಶಿವರಾತ್ರಿ ಕಳೆದ ಮೇಲೆ ಎಲ್ಲ ತಿರುವುಮುರುವು: ಗಾಳಿ ಬೀಳುತ್ತದೆ, ಬಿಸಿಲು ಏರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವ ಈ ಹೊಂದಾಣಿಕೆ ನಮ್ಮ ಬಯಲುಸೀಮೆಗೆ ಸಿಕ್ಕ ದೊಡ್ಡ ಭಾಗ್ಯ.

ಈ ಎರಡನ್ನೂ ಅಳೆದು ಪುಸ್ತಕವಾಗಿಸಿದ್ದು ಒಬ್ಬರೇ ವಿಜ್ಞಾನಿ, ಅಣ್ಣಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅವರು ಹವಾಮಾನ ಇಲಾಖೆ ಸೇರಿ, ನಿವೃತ್ತಿಯ ನಂತರ ದೇಶದ ಬಿಸಿಲಿನ ಅಂಕಿಅಂಶಗಳನ್ನೂ 1983ರಲ್ಲಿ ಗಾಳಿಯ ಅಂಕಿಅಂಶಗಳನ್ನೂ ಹೊರತಂದರು. ಗಾಳಿ, ಬಿಸಿಲು ಅಳೆಯುವ ಉಪಕರಣ ತಯಾರಿಸಲು ಬೆಂಗಳೂರಿನಲ್ಲಿ ಕಾರ್ಖಾನೆಯನ್ನೂ ತೆರೆದರು. ಭಾರತದ ಪವನ ವಿದ್ಯುತ್ ಯೋಜನೆಗಳೆಲ್ಲ ಅವರ ಋಣದಲ್ಲಿವೆ ಎಂದೇ ನನ್ನ ಭಾವನೆ.

ಅಳತೆ ಒಂದೇ ಕೈಯಿಂದ ಬಂದರೂ ಕೆಲಸ ಮಾತ್ರ ಬೇರೆಬೇರೆ ದಾರಿ ಹಿಡಿಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲಿ ನೀರೆತ್ತುವ ಗಾಳಿಯಂತ್ರ ರೂಪಿಸಿತು. 1995ರಲ್ಲಿ ಶುರುವಾದ ಸೆಲ್ಕೋ ಕಂಪನಿ ಮನೆಮನೆಗೆ ಸೌರದೀಪ ಒಯ್ದಿತು. ಗಾಳಿ, ಬಿಸಿಲು ಎರಡೂ ದೊಡ್ಡ ಪ್ರಮಾಣದಲ್ಲಿ ಕೂಡಿದ್ದು 2018ರಲ್ಲಿ, ರಾಯಚೂರು ಜಿಲ್ಲೆಯ ಕವಿತಾಳದಲ್ಲಿ. ಮೊದಲೇ ಇದ್ದ 50 ಮೆಗಾವಾಟ್ ಗಾಳಿ ಸ್ಥಾವರಕ್ಕೆ 28.8 ಮೆಗಾವಾಟ್ ಸೌರಫಲಕ ಸೇರಿಸಿದರು. ಸಬ್‌ಸ್ಟೇಷನ್ನೂ ತಂತಿಮಾರ್ಗವೂ ಒಂದೇ. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರದ ಗಾಳಿ–ಸೌರ ಮಿಶ್ರ ನೀತಿಯೂ ಬಂತು. ಕವಿತಾಳದ ಕರೆಂಟು ಹೋಗುವುದು ಗ್ರಿಡ್ಡಿಗೆ.

ಅದೇ ರಾಯಚೂರಿನ ಲಿಂಗಸುಗೂರು ತಾಲ್ಲೂಕಿನಲ್ಲಿ ಗಡ್ಡಿಗಳಿವೆ, ಅಂದರೆ ಕೃಷ್ಣೆಯ ನಡುಗಡ್ಡೆಯ ಊರುಗಳು: ಕರಕಲಗಡ್ಡಿ, ಮಾದರಗಡ್ಡಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣೆ ಸುತ್ತುವರಿದು, ಇಲ್ಲಿನ ಜನ ದಂಡೆಯ ಸಂಪರ್ಕ ಕಳೆದುಕೊಳ್ಳುತ್ತಾರೆ. ಪ್ರವಾಹ ಬರುವುದು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ಬರೀ ಸೌರಫಲಕ ಕೈಕೊಡುವ, ಗಾಳಿ ಮಾತ್ರ ಭರ್ತಿಯಾಗಿ ಬೀಸುವ ತಿಂಗಳುಗಳೇ ಅವು. ಕುಡಿಯುವ ನೀರಿನ ಪಂಪು, ಮೊಬೈಲ್ ಚಾರ್ಜು, ಔಷಧಿ ಇಡುವ ಫ್ರಿಜ್ಜು: ಇಷ್ಟಕ್ಕೆ ಕೆಲವೇ ಕಿಲೋವಾಟ್ ಸಾಕು. ಮೆಗಾವಾಟುಗಳ ಲೆಕ್ಕದಲ್ಲಿ ಈ ಊರುಗಳು ಕಣ್ಣಿಗೇ ಬೀಳದಿರುವುದು ನನಗೆ ಸಂಕಟ ತರುತ್ತದೆ.

ಇಂಥದೇ ಪುಟ್ಟ ಊರಾದ ಸ್ಕಾಟ್ಲೆಂಡಿನ ಐಗ್ ದ್ವೀಪದಲ್ಲಿ ನೂರರ ಆಸುಪಾಸು ಜನ. 2008ರಿಂದ ಅವರು ಹಳ್ಳದ ನೀರು, ಗಾಳಿ, ಬಿಸಿಲು ಮೂರನ್ನೂ ಬ್ಯಾಟರಿಯೊಂದಿಗೆ ಜೋಡಿಸಿ ತಮ್ಮದೇ ಗ್ರಿಡ್ ನಡೆಸುತ್ತಿದ್ದಾರೆ. ಮನೆಯೊಂದು ಒಮ್ಮೆಗೆ ಎಳೆಯಬಹುದಾದದ್ದು 5 ಕಿಲೋವಾಟ್ ಮಾತ್ರ. ಅದು ಊರೇ ಒಪ್ಪಿಕೊಂಡ ಮಿತಿ. ರಿಪೇರಿಗೂ ಊರವರೇ ತರಬೇತಿ ಪಡೆದಿದ್ದಾರೆ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಕಟ್ಟಿಗೆಯ ಅನಿಲದಿಂದ ದೀಪ ಹಚ್ಚಿ, ಮುಂದೆ ನೀರೆತ್ತಿಸಿದಾಗಲೂ ಯಂತ್ರ ನೋಡಿಕೊಂಡವರು ಹಳ್ಳಿಯವರೇ.

ಗಡ್ಡಿಗಳಿಗೆ ಬೇಕಾದದ್ದೂ ಇದೇ. ಸಣ್ಣ ಗಾಳಿಯಂತ್ರದ ಬೇರಿಂಗು ಸವೆಯುತ್ತದೆ, ಬಿರುಗಾಳಿಗೆ ಬ್ರೇಕ್ ಹಾಕಬೇಕಾಗುತ್ತದೆ, ಲೆಡ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕಾಗುತ್ತದೆ. ನದಿ ತುಂಬಿದಾಗ ಮೆಕ್ಯಾನಿಕ್ ಬರಲಾರ. ಹಾಗಾಗಿ ಫಲಕ ಕೂರಿಸುವ ಮೊದಲೇ ಊರಿನ ಇಬ್ಬರು ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿ ಸಂಬಳ ಗೊತ್ತುಮಾಡಬೇಕು. ಒಂದು ಮಳೆಗಾಲವಾದರೂ ಗಡ್ಡಿಯ ಮೇಲೇ ಕಂಬ ನೆಟ್ಟು ಗಾಳಿ ಅಳೆಯಬೇಕು.