ಆಡೋಕೆ ಕದ್ದು ಹೋದ ಹುಡುಗರು

ಒಂದು ಕ್ಷಣ ಯೋಚನೆ ಮಾಡಿ. ನಿಮ್ಮ ತಂಡ ಇಡೀ ಸೀಸನ್ ಚೆನ್ನಾಗಿ ಆಡಿದೆ. ಪಾಯಿಂಟ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನ. ಪ್ಲೇಆಫ್‌ಗೆ ಟಿಕೆಟ್ ಸಿಕ್ಕಿದೆ. ಗಾಯ ಇಲ್ಲ, ಮಳೆ ಇಲ್ಲ, ಫಿಕ್ಸಿಂಗ್ ಹಗರಣವೂ ಇಲ್ಲ. ಆಗ ನಿಮ್ಮದೇ ಸರ್ಕಾರ ಬಂದು, 'ನೀವು ಹೋಗಂಗಿಲ್ಲ, ಎರಡನೇ ಸ್ಥಾನದವರು ಹೋಗಲಿ' ಅನ್ನುತ್ತೆ. ಏನು ಮಾಡ್ತೀರಿ? 'ಈ ಸಲ ಕಪ್ ನಮ್ದೇ' ಅಂತ ಹದಿನೆಂಟು ವರ್ಷ ಕಾದ ಜನ ನಾವು. ಸೋತಾಗ ಟಿವಿ ಮುಂದೆ ಕೂತು ಬೈದಿದ್ದೀವಿ. ಆದರೆ ಗೆದ್ದ ಮೇಲೂ ಆಡಬಾರದು ಅಂದರೆ ಆ ಸಿಟ್ಟು ಎಂಥದ್ದಿರುತ್ತೆ?

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸ್ಟಾರ್ಕ್‌ವಿಲ್ ಅನ್ನೋ ಸಣ್ಣ ಊರಿನ ಜನಕ್ಕೆ ಇದು ಮೂರು ಸಲ ಆಯಿತು. 1959, 1961, 1962.

ಅಲ್ಲಿರುವುದು ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿ. ಮೂಲತಃ ಕೃಷಿ ಕಾಲೇಜು. ಅಲ್ಲಿನ ಅಭಿಮಾನಿಗಳು ಪಂದ್ಯಕ್ಕೆ ದನದ ಕೊರಳಿಗೆ ಕಟ್ಟುವ ಗಂಟೆ ತರುತ್ತಾರೆ. ಶಿಳ್ಳೆ, ತಮಟೆ ಅಲ್ಲ, ಗಂಟೆ. ಸಾವಿರಾರು ಜನ ಒಟ್ಟಿಗೆ ಅಲ್ಲಾಡಿಸಿದರೆ ಎದುರಾಳಿಗೆ ಕಿವಿ ಮುಚ್ಚಿಕೊಳ್ಳಬೇಕು ಅನಿಸಬೇಕು, ಅಷ್ಟೆ ಉದ್ದೇಶ. ಪಕ್ಕದ ಆಕ್ಸ್‌ಫರ್ಡ್ ಊರಿನಲ್ಲಿರುವ 'ಓಲ್ ಮಿಸ್' ಯೂನಿವರ್ಸಿಟಿಯವರು ಇವರನ್ನು ಹಳ್ಳಿ ಗಮಾರರು ಅಂತ ಆಡಿಕೊಳ್ಳುತ್ತಿದ್ದರು. ಇವರು ಆ ಹಳ್ಳಿತನವನ್ನೇ ಗಂಟೆ ಮಾಡಿ ಬಾರಿಸಿದರು.

ಈ ಕಾಲೇಜಿಗೆ 1955ರಲ್ಲಿ ಒಬ್ಬ ಕೋಚ್ ಬಂದ. ಹೆಸರು ಬೇಬ್ ಮೆಕಾರ್ಥಿ. ದೊಡ್ಡ ಕಾಲೇಜುಗಳಲ್ಲಿ ಪಳಗಿದವನಲ್ಲ, ತೈಲ ಕಂಪನಿಯ ಸೇಲ್ಸ್‌ಮನ್ ಆಗಿದ್ದವನು. ಮಾತು ಮಾತ್ರ ಜೇನು. ಆ ಭಾಗದ ಬ್ಯಾಸ್ಕೆಟ್‌ಬಾಲ್ ಅಂದರೆ ಅಲ್ಲಿವರೆಗೆ ಕೆಂಟಕಿ ಯೂನಿವರ್ಸಿಟಿ, ಅದರ ಕೋಚ್ ಅಡಾಲ್ಫ್ ರಪ್. 1948ರಿಂದ 1958ರೊಳಗೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಹೊಡೆದವರು ಅವರು. ಅಂಥವರ ಎದುರು ಈ ಸೇಲ್ಸ್‌ಮನ್ ಕೋಚ್, ಹಳ್ಳಿ ಹುಡುಗರನ್ನು ಕಟ್ಟಿಕೊಂಡು ನಿಂತ. 1959ರಲ್ಲಿ ಇಡೀ ಸೀಸನ್‌ನಲ್ಲಿ 24 ಗೆಲುವು, ಒಂದೇ ಸೋಲು! ಬೇಲಿ ಹೋವೆಲ್ ಅನ್ನೋ ಆಟಗಾರ ಪಂದ್ಯಕ್ಕೆ ಸರಾಸರಿ 27 ಪಾಯಿಂಟ್ ಹೊಡೆದಿದ್ದ. ಕಾನ್ಫರೆನ್ಸ್ ಚಾಂಪಿಯನ್ನರು. ಮುಂದಿನದು ರಾಷ್ಟ್ರೀಯ ಟೂರ್ನಿ, ಎನ್‌ಸಿಎಎ.

ಹೋಗಲಿಲ್ಲ. ಕೆಂಟಕಿ ಹೋಯಿತು.

ಯಾಕೆ? ರಾಷ್ಟ್ರೀಯ ಟೂರ್ನಿಯಲ್ಲಿ ಉತ್ತರದ ತಂಡಗಳು ಬರುತ್ತವೆ. ಉತ್ತರದ ತಂಡಗಳಲ್ಲಿ ಕಪ್ಪುವರ್ಣೀಯ ಆಟಗಾರರಿರುತ್ತಾರೆ. ಮಿಸಿಸಿಪ್ಪಿಯ ಬಿಳಿ ಹುಡುಗರು ಅವರ ಜೊತೆ ಆಡಬಾರದು. ಇದು ಯಾವ ಕಾನೂನು ಪುಸ್ತಕದಲ್ಲಿತ್ತು ಅಂತ ಕೇಳ್ತೀರಾ? ಯಾವುದರಲ್ಲೂ ಇರಲಿಲ್ಲ! ಬರೆಯದ ಕಾನೂನು. ಮೀರಿದರೆ ಶಾಸಕರು ಅನುದಾನಕ್ಕೆ ಕತ್ತರಿ ಹಾಕುತ್ತಾರೆ ಅನ್ನೋ ಭಯ ಇತ್ತು. ಅದೇ ಸಾಕಾಗಿತ್ತು. ಬರೆದ ಕಾನೂನಾದರೆ ಕೋರ್ಟಿಗೆ ಹೋಗಬಹುದು, ಬರೆಯದ್ದನ್ನು ಯಾವ ಕೋರ್ಟಿಗೆ ತಗೊಂಡು ಹೋಗ್ತೀರಿ? ಇದು ನಮಗೆ ಹೊಸದೇನಲ್ಲ. ಯಾವ ಊರಿನ ಹೋಟೆಲಿನಲ್ಲೂ ಎರಡು ಥರದ ಲೋಟ ಇಡಿ ಅಂತ ಸರ್ಕಾರಿ ಆದೇಶ ಇರಲಿಲ್ಲ.

ಇಲ್ಲೊಂದು ಮಾತು. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಅವರ ಕತೆ ಎಷ್ಟು ಜನಕ್ಕೆ ಗೊತ್ತು? ದಲಿತ ಕುಟುಂಬದವರು, ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಅದೇ ತಂಡದ ಜೊತೆಗಾರರು ಮೈದಾನದಲ್ಲಿ ಅವರು ಎಸೆದ ಚೆಂಡು ಮುಟ್ಟುತ್ತಿದ್ದರು, ಚಹಾ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಕ್ರಿಕೆಟ್ ದೂರದ ಆಟ. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಅರ್ಧ ಬಟ್ಟೆಯಲ್ಲಿ, ಬೆವರಿಗೆ ಬೆವರು ತಾಗಿಸಿ, ಭುಜಕ್ಕೆ ಭುಜ ಒತ್ತಿ ಆಡುವ ಆಟ. ಮಿಸಿಸಿಪ್ಪಿಯ ದೊಡ್ಡ ಮನುಷ್ಯರಿಗೆ ಅದು ಯಾಕೆ ಅಷ್ಟು ಚುಚ್ಚುತ್ತಿತ್ತು ಅಂತ ನಮ್ಮವರಿಗೆ ವಿವರಿಸಬೇಕಾಗಿಲ್ಲ.

1961ರಲ್ಲಿ ಮತ್ತೆ ಚಾಂಪಿಯನ್. ಮತ್ತೆ ಕೆಂಟಕಿ ಹೋಯಿತು. 1962ರಲ್ಲಿ ಮತ್ತೆ 24 ಗೆಲುವು, ಒಂದು ಸೋಲು, ಕೆಂಟಕಿ ಜೊತೆ ಜಂಟಿ ಚಾಂಪಿಯನ್. ಹೋದವರು? ಗೊತ್ತಲ್ಲ.

ಈಗ ಅಭಿಮಾನಿಗಳ ವಿಷಯಕ್ಕೆ ಬರ್ತೀನಿ, ಯಾಕೆಂದರೆ ಈ ಕತೆಯಲ್ಲಿ ನನಗೆ ಕುತೂಹಲ ಇರೋದು ಅವರ ಬಗ್ಗೆಯೇ. ಸ್ಟಾರ್ಕ್‌ವಿಲ್‌ನ ಹಾಸ್ಟೆಲ್ಲುಗಳಲ್ಲಿ, ಅಂಗಡಿ ಮುಂದೆ, ಚರ್ಚಿನ ಅಂಗಳದಲ್ಲಿ ಒಂದೇ ಮಾತು. ನಮ್ಮ ಹುಡುಗರು ದೇಶದಲ್ಲೇ ಬೆಸ್ಟ್ ಹೌದೋ ಅಲ್ಲವೋ? ಆಡದೆ ಗೊತ್ತಾಗೋದು ಹೇಗೆ? ಇವರೇನು ಸಮಾನತೆಗಾಗಿ ಎದ್ದು ನಿಂತವರಲ್ಲ. ಸುಳ್ಳು ಹೇಳಿ ಅವರನ್ನು ದೊಡ್ಡವರನ್ನಾಗಿ ಮಾಡೋದು ಬೇಡ. ಅವರ ತರಗತಿಯಲ್ಲಿ ಒಬ್ಬನೇ ಒಬ್ಬ ಕಪ್ಪು ವಿದ್ಯಾರ್ಥಿ ಇರಲಿಲ್ಲ, ಅದರ ಬಗ್ಗೆ ಹೆಚ್ಚಿನವರಿಗೆ ಬೇಜಾರೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಪಂದ್ಯ. ಕೆಂಟಕಿಯವರು ತಮ್ಮ ಸೀಟಿನಲ್ಲಿ ಕೂತು ಹೋಗೋದು ನೋಡಿ ನೋಡಿ ಸಾಕಾಗಿತ್ತು.

ಅದೇ ರಾಜ್ಯದ ಇನ್ನೊಂದು ಕ್ರೀಡಾಂಗಣದ ಚಿತ್ರ ನೋಡಿ. 1962ರ ಸೆಪ್ಟೆಂಬರ್ 29, ಜಾಕ್ಸನ್ ನಗರ. ಓಲ್ ಮಿಸ್ ಮತ್ತು ಕೆಂಟಕಿ ನಡುವೆ ಫುಟ್‌ಬಾಲ್. ಜೇಮ್ಸ್ ಮೆರೆಡಿತ್ ಅನ್ನೋ ಕಪ್ಪುವರ್ಣೀಯ ಯುವಕ ಓಲ್ ಮಿಸ್‌ಗೆ ಸೇರಬೇಕು ಅಂತ ಫೆಡರಲ್ ಕೋರ್ಟ್ ಹೇಳಿದೆ. ಪಂದ್ಯದ ಮಧ್ಯದ ಬಿಡುವಿನಲ್ಲಿ ಗವರ್ನರ್ ರಾಸ್ ಬಾರ್ನೆಟ್ ಮೈಕ್ ಹಿಡಿದ. ಮಿಸಿಸಿಪ್ಪಿ ನನಗೆ ಪ್ರಾಣ, ಇಲ್ಲಿನ ಜನ, ಇಲ್ಲಿನ ಪದ್ಧತಿ ನನಗೆ ಪ್ರಾಣ ಅಂತ ನಾಲ್ಕೇ ಮಾತು ಆಡಿದ. ಸ್ಟೇಡಿಯಂ ಹುಚ್ಚೆದ್ದು ಕೂಗಿತು. ಮರುದಿನ ರಾತ್ರಿ ಕ್ಯಾಂಪಸ್‌ನಲ್ಲಿ ಗಲಭೆ, ಎರಡು ಹೆಣ. ಒಬ್ಬ ವರದಿ ಮಾಡಲು ಹೋಗಿದ್ದ ಫ್ರೆಂಚ್ ಪತ್ರಕರ್ತ, ಪಾಲ್ ಗಿಯಾರ್. ಬೆನ್ನಿಗೆ ಗುಂಡು. ಕೊಂದವರು ಯಾರು ಅಂತ ಯಾವತ್ತೂ ಸಾಬೀತಾಗಲಿಲ್ಲ. ಮೈಕ್ ಹಿಡಿದು ಹೊಟ್ಟೆ ಹೊರೆಯುವ ನನಗೆ ಆ ನಾಲ್ಕು ಮಾತಿನ ನೆನಪು ಬಂದಾಗಲೆಲ್ಲ ಗಂಟಲು ಒಣಗುತ್ತೆ.

ಇದಾಗಿ ಐದೇ ತಿಂಗಳಿಗೆ ಮಿಸಿಸಿಪ್ಪಿ ಸ್ಟೇಟ್ ಮತ್ತೆ ಚಾಂಪಿಯನ್ ಆಯಿತು. ಟೈಮಿಂಗ್ ನೋಡಿ!

ಈ ಸಲ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಮನವಿ, ಸಭೆ, ಪತ್ರ. ಕೋಚ್ ಮೆಕಾರ್ಥಿಯೂ ಬಾಯಿಬಿಟ್ಟ, ಈ ಹುಡುಗರನ್ನು ಮನೇಲಿ ಕೂರಿಸೋದು ನೋಡೋಕಾಗಲ್ಲ ಅಂತ. ಯೂನಿವರ್ಸಿಟಿ ಅಧ್ಯಕ್ಷ ಡೀನ್ ಕೋಲ್ವಾರ್ಡ್ ಉತ್ತರ ಕೆರೊಲಿನಾದಿಂದ ಬಂದ ಕೃಷಿ ವಿಜ್ಞಾನದ ಮನುಷ್ಯ, ಗದ್ದಲದವನಲ್ಲ. 1963ರ ಮಾರ್ಚ್ 2ರಂದು ಆತ ಪ್ರಕಟಿಸಿದ: ಅಧಿಕಾರ ಇರುವವರು ತಡೆಯದಿದ್ದರೆ ತಂಡ ಹೋಗುತ್ತೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಅವನ ಪರವಾಗಿದ್ದವು. ಹೋಗಬೇಕಾದ್ದು ಷಿಕಾಗೋದ ಲೊಯೊಲಾ ಯೂನಿವರ್ಸಿಟಿಯ ಎದುರು. ಅದರ ಮೊದಲ ಐವರಲ್ಲಿ ನಾಲ್ವರು ಕಪ್ಪುವರ್ಣೀಯರು. ಜಾಕ್ಸನ್‌ನ ಪತ್ರಿಕೆಯೊಂದು ಅವರ ಫೋಟೋ ಹಾಕಿತು, ಓದುಗರು ನೋಡಿ ಕೆರಳಲಿ ಅಂತ. ಕಾಲೇಜುಗಳ ಮಂಡಳಿಯಲ್ಲಿ ವಿಷಯ ಮತಕ್ಕೆ ಬಿತ್ತು. ಹೋಗಲಿ ಅಂದವರು 8, ಬೇಡ ಅಂದವರು 3.

ಮುಗೀತು ಅಂದುಕೊಂಡಿರಾ? ಮಾರ್ಚ್ 13ರಂದು ಬಿಲ್ಲಿ ಮಿಟ್ಸ್ ಅನ್ನೋ ರಾಜ್ಯ ಸೆನೆಟರ್, ಇನ್ನೊಬ್ಬರ ಜೊತೆ ಸೇರಿ ತಡೆಯಾಜ್ಞೆ ತಂದ. ಈತ ಯಾರು ಗೊತ್ತಾ? ಅದೇ ಮಿಸಿಸಿಪ್ಪಿ ಸ್ಟೇಟ್‌ನ ಹಳೇ ವಿದ್ಯಾರ್ಥಿ, ಅದೂ ಚಿಯರ್‌ಲೀಡರ್! ತಂಡಕ್ಕೆ ಜೈಕಾರ ಹಾಕಿದ ಗಂಟಲೇ ಬೇಡ ಅಂತು.

ತಡೆಯಾಜ್ಞೆ ಕೈಗೆ ಕೊಟ್ಟರೆ ತಾನೆ ಜಾರಿ? ಶೆರಿಫ್ ಕಡೆಯವರು ಸ್ಟಾರ್ಕ್‌ವಿಲ್‌ಗೆ ಬಂದಾಗ ಕೋಲ್ವಾರ್ಡ್ ಊರಲ್ಲಿ ಇಲ್ಲ, ಅಲಬಾಮಾಕ್ಕೆ ಹೋಗಿದ್ದ. ಮೆಕಾರ್ಥಿಯೂ ಇಲ್ಲ, ಕತ್ತಲಲ್ಲೇ ಕಾರು ಹತ್ತಿ ರಾಜ್ಯದ ಗಡಿ ದಾಟಿ ಟೆನೆಸ್ಸಿಯ ಮೆಂಫಿಸ್ ಸೇರಿದ್ದ. ಬೆಳಗಾಯಿತು. ಮೊದಲು ಎರಡನೇ ಸಾಲಿನ ಹುಡುಗರನ್ನು ವಿಮಾನ ನಿಲ್ದಾಣಕ್ಕೆ ಕಳಿಸಿದರು. ಪೊಲೀಸರಿದ್ದರೆ ಸಿಕ್ಕಿಬೀಳೋದು ಇವರು, ಮುಖ್ಯ ಆಟಗಾರರು ಹಾಸ್ಟೆಲ್‌ನಲ್ಲೇ ಸುರಕ್ಷಿತ. ಅಲ್ಲಿ ನೋಡಿದರೆ ಯಾರೂ ಇಲ್ಲ. ಸುದ್ದಿ ಮುಟ್ಟಿತು, ಉಳಿದವರು ಓಡಿ ಬಂದರು, ಸಣ್ಣ ವಿಮಾನ ನ್ಯಾಶ್‌ವಿಲ್‌ನತ್ತ ಹಾರಿತು. ಕೋಚ್ ಅಲ್ಲಿ ಸಿಕ್ಕ. ಆ ಹೊತ್ತಿಗೆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರು ತಡೆಯಾಜ್ಞೆಯನ್ನೂ ತೆಗೆದುಹಾಕಿದರು. ಬ್ಯಾಸ್ಕೆಟ್‌ಬಾಲ್ ಆಡೋಕೆ ಇಷ್ಟೆಲ್ಲ! ಕಳ್ಳಸಾಗಣೆಯವರೂ ಇಷ್ಟು ತಲೆ ಓಡಿಸಲ್ಲ.

ಆ ಕಡೆ ಲೊಯೊಲಾ ಹುಡುಗರ ಪಾಡೇನು ಸುಖದ್ದಾಗಿರಲಿಲ್ಲ. ದಕ್ಷಿಣದ ನ್ಯೂ ಆರ್ಲಿಯನ್ಸ್‌ಗೆ ಹೋದಾಗ ಬಿಳಿಯರು ಒಂದು ಕಡೆ, ಕಪ್ಪುವರ್ಣೀಯರು ಇನ್ನೊಂದು ಕಡೆ ಉಳಿಯಬೇಕಾಗಿತ್ತು. ಹ್ಯೂಸ್ಟನ್‌ನಲ್ಲಿ ಪ್ರೇಕ್ಷಕರು ಬೈದು, ಕೈಗೆ ಸಿಕ್ಕಿದ್ದು ಎಸೆದಿದ್ದರು. ಅಭಿಮಾನಿಗಳು ಅಂದರೆ ಅದೂ ಸೇರಿಯೇ. ಈ ಪಂದ್ಯಕ್ಕೆ ಮುಂಚೆ ಕ್ಯಾಪ್ಟನ್ ಜೆರ್ರಿ ಹಾರ್ಕ್‌ನೆಸ್‌ಗೆ ಬೆದರಿಕೆ ಪತ್ರಗಳು ಬಂದವು.

ಮಾರ್ಚ್ 15, ಶುಕ್ರವಾರ. ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್, ಜೆನಿಸನ್ ಫೀಲ್ಡ್‌ಹೌಸ್. ಸುಮಾರು 12 ಸಾವಿರ ಜನ. ಆಟ ಶುರುವಾಗೋ ಮುಂಚೆ ಕ್ಯಾಪ್ಟನ್‌ಗಳು ಕೈ ಕುಲುಕಬೇಕು. ಜೋ ಡ್ಯಾನ್ ಗೋಲ್ಡ್ ಕೈ ಮುಂದೆ ಮಾಡಿದ, ಹಾರ್ಕ್‌ನೆಸ್ ಹಿಡಿದ. ಕ್ಯಾಮೆರಾಗಳ ಫ್ಲ್ಯಾಷ್ ಎಲ್ಲ ಕಡೆಯಿಂದ ಒಟ್ಟಿಗೆ ಹೊಡೆಯಿತು. ಇದು ಬರೀ ಆಟ ಅಲ್ಲ ಅಂತ ತನಗೆ ಹೊಳೆದದ್ದು ಆ ಬೆಳಕಿನಲ್ಲೇ ಅಂತ ಹಾರ್ಕ್‌ನೆಸ್ ಎಷ್ಟೋ ವರ್ಷ ಆದಮೇಲೂ ಹೇಳುತ್ತಿದ್ದರು.

ಆಟಾನೂ ಚೆನ್ನಾಗಿತ್ತು, ಅದನ್ನ ಹೇಳದೆ ಹೋದರೆ ಅಭಿಮಾನಿಗಳು ಕ್ಷಮಿಸಲ್ಲ. ಲೊಯೊಲಾ ದೇಶದಲ್ಲೇ ಅತಿ ಹೆಚ್ಚು ಪಾಯಿಂಟ್ ಹೊಡೆಯೋ ತಂಡ, ಪಂದ್ಯಕ್ಕೆ ಸರಾಸರಿ 90ರ ಮೇಲೆ. ಟೂರ್ನಿಯ ಮೊದಲ ಪಂದ್ಯದಲ್ಲಿ ಟೆನೆಸ್ಸಿ ಟೆಕ್ ತಂಡವನ್ನು 111–42ರಿಂದ ಪುಡಿ ಮಾಡಿ ಬಂದಿತ್ತು. ಇಂಥ ಎದುರಾಳಿಗೆ ಮೆಕಾರ್ಥಿಯ ಲೆಕ್ಕ ಸರಳ. ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನೋ ಶಾಟ್ ಕ್ಲಾಕ್ ಆಗ ಕಾಲೇಜು ಆಟದಲ್ಲಿ ಇರಲಿಲ್ಲ. ಹಾಗಾಗಿ ಚೆಂಡು ನಮ್ಮ ಹತ್ತಿರವೇ ಇರಲಿ, ಪಾಸ್ ಮಾಡ್ತಾ ಇರಿ, ಖಾಲಿ ಜಾಗ ಸಿಕ್ಕಾಗ ಮಾತ್ರ ಎಸೆಯಿರಿ. ಎದುರಾಳಿಯ ಎಂಜಿನ್‌ಗೆ ಪೆಟ್ರೋಲೇ ಸಿಗದ ಹಾಗೆ ಮಾಡೋದು. ಶುರುವಿನಲ್ಲಿ 7–0 ಮುನ್ನಡೆ! ಆಮೇಲೆ ಲೊಯೊಲಾ ನಿಧಾನವಾಗಿ ಹಿಡಿತಕ್ಕೆ ತಂದಿತು. ವಿರಾಮಕ್ಕೆ 26–19. ಎರಡನೇ ಅರ್ಧದಲ್ಲಿ ಮಿಸಿಸಿಪ್ಪಿ ಹತ್ತಿರ ಬಂತು, ಆದರೆ ಲೀಲ್ಯಾಂಡ್ ಮಿಚೆಲ್ ಫೌಲ್‌ಗಳ ಮಿತಿ ಮುಗಿಸಿ ಹೊರಗೆ ಕೂತ. ಕೊನೆಗೆ 61–51. ಹಾರ್ಕ್‌ನೆಸ್ 20 ಪಾಯಿಂಟ್. ವಿಕ್ ರೌಸ್ ಬುಟ್ಟಿಯ ಕೆಳಗೆ ಬಂದ ಚೆಂಡನ್ನೆಲ್ಲ ಬಾಚಿಕೊಂಡ.

ಜಗಳ? ಒಂದೂ ಇಲ್ಲ. ಬಿದ್ದವನಿಗೆ ಎದುರು ತಂಡದವನು ಕೈ ಕೊಟ್ಟು ಎಬ್ಬಿಸಿದ್ದು ಮಾತ್ರ ಇತ್ತು. ಮರುದಿನ ಮೂರನೇ ಸ್ಥಾನಕ್ಕಾಗಿ ಬೌಲಿಂಗ್ ಗ್ರೀನ್ ಎದುರು ಆಡಿದರು. ಅಲ್ಲಿ ನೇಟ್ ಥರ್ಮಂಡ್ ಅನ್ನೋ ಕಪ್ಪುವರ್ಣೀಯ ದೈತ್ಯ ಇದ್ದ. ಅದನ್ನು 65–60ರಿಂದ ಗೆದ್ದರು. ಮನೆಗೆ ವಾಪಸಾದಾಗ ಅವರಿಗೆ ಸಿಕ್ಕಿದ್ದು ಕಲ್ಲಲ್ಲ, ಜೈಕಾರ. ಗವರ್ನರ್ ಏನೂ ಮಾಡಲಿಲ್ಲ. ಅನುದಾನ ಕಡಿತದ ಗುಮ್ಮ ಬರಲೇ ಇಲ್ಲ. ನಾಲ್ಕು ವರ್ಷ ಒಂದು ಊರನ್ನು ಹೆದರಿಸಿದ ಗೋಡೆ ತಳ್ಳಿ ನೋಡಿದರೆ ಬರೀ ಕಾಗದದ್ದು! ಲೊಯೊಲಾ ಮುಂದಿನ ವಾರ ಲೂಯಿವಿಲ್‌ನಲ್ಲಿ, ಎರಡು ವರ್ಷದಿಂದ ಚಾಂಪಿಯನ್ ಆಗಿದ್ದ ಸಿನ್ಸಿನಾಟಿಗಿಂತ 15 ಪಾಯಿಂಟ್ ಹಿಂದೆ ಬಿದ್ದು, ಎದ್ದು, ಹೆಚ್ಚುವರಿ ಅವಧಿಯಲ್ಲಿ 60–58ರಿಂದ ಕಪ್ ಎತ್ತಿತು. ಐದೇ ಆಟಗಾರರು, ಒಬ್ಬನನ್ನೂ ಬದಲಿಸದೆ.

ಆದರೆ ಕಾಗದದ ಗೋಡೆ ಒಂದು ಕಡೆ ಹರಿದರೆ ಇಡೀ ಮನೆ ಬೀಳಲ್ಲ. ಮೂರು ತಿಂಗಳೂ ಕಳೆದಿರಲಿಲ್ಲ, ಜೂನ್ 12ರಂದು ಅದೇ ಜಾಕ್ಸನ್‌ನಲ್ಲಿ ಕಪ್ಪುವರ್ಣೀಯರ ಹಕ್ಕಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕೊಲೆಗಾರನಿಗೆ ಶಿಕ್ಷೆ ಆಗಿದ್ದು 1994ರಲ್ಲಿ. ಮಿಸಿಸಿಪ್ಪಿ ಸ್ಟೇಟ್ ಕ್ಯಾಂಪಸ್‌ಗೆ ಮೊದಲ ಕಪ್ಪು ವಿದ್ಯಾರ್ಥಿ, ರಿಚರ್ಡ್ ಹೋಮ್ಸ್, ಕಾಲಿಟ್ಟದ್ದು 1965ರಲ್ಲಿ. ಗಂಟೆ ಬಾರಿಸಿದವರ ತಂಡದಲ್ಲೇ ಕಪ್ಪುವರ್ಣೀಯರು ಆಡೋಕೆ ಎಪ್ಪತ್ತರ ದಶಕ ಬರಬೇಕಾಯಿತು. ಎದುರು ಆಡಬಹುದು, ಜೊತೆಗೆ ಆಡಬಾರದು. ಆ ಅಂತರಕ್ಕೆ ಅಷ್ಟು ವರ್ಷ.

2011ರಲ್ಲಿ ಜೋ ಡ್ಯಾನ್ ಗೋಲ್ಡ್ ತೀರಿಕೊಂಡರು. ಹಾರ್ಕ್‌ನೆಸ್ ಅಂತ್ಯಕ್ರಿಯೆಗೆ ಹೋದರು. ಶವಪೆಟ್ಟಿಗೆಯ ಪಕ್ಕ ಕುಟುಂಬದವರು ಇಟ್ಟಿದ್ದು ಆ ಕೈಕುಲುಕಿನ ಫೋಟೋ. 2021ರಲ್ಲಿ ಹಾರ್ಕ್‌ನೆಸ್ ಕೂಡ ಹೋದರು.

ಇನ್ನು ಬೇಲಿ ಹೋವೆಲ್. ಕಾಲೇಜಿನಲ್ಲಿ ಒಂದೇ ಒಂದು ರಾಷ್ಟ್ರೀಯ ಟೂರ್ನಿ ಪಂದ್ಯವನ್ನೂ ಆಡದ ಆತ ವೃತ್ತಿಪರ ಆಟಕ್ಕೆ ಹೋದರು. 1968 ಮತ್ತು 1969ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಪರವಾಗಿ ಎರಡು ಸಲ ಚಾಂಪಿಯನ್ ಆದರು. ಆ ತಂಡದ ನಾಯಕಮಣಿಯೂ ಕೋಚೂ ಒಬ್ಬರೇ, ಬಿಲ್ ರಸೆಲ್, ಅಮೆರಿಕದ ಎನ್‌ಬಿಎ ಲೀಗ್‌ನ ಮೊದಲ ಕಪ್ಪುವರ್ಣೀಯ ಕೋಚ್. ಯಾರ ಎದುರು ಆಡಬಾರದು ಅಂತ ಊರವರು ಹೇಳಿದ್ದರೋ ಅವರ ಮಾತು ಕೇಳಿಕೊಂಡೇ ಕಪ್ ಎತ್ತಿದರು. 1959ರ ಆ ತಂಡ ಹೋಗಿದ್ದರೆ ಗೆಲ್ಲುತ್ತಿತ್ತಾ? ಆ ವರ್ಷ ಕಪ್ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಹೋವೆಲ್ ಇದ್ದ ತಂಡ ಅವರನ್ನು ಸೋಲಿಸುತ್ತಿತ್ತು ಅನ್ನೋದು ನನ್ನ ಅಂದಾಜು. ಸ್ಟಾರ್ಕ್‌ವಿಲ್‌ನಲ್ಲಿ ಕೇಳಿದರೆ ಗಂಟೆ ಬಾರಿಸಿಯೇ ಉತ್ತರ ಕೊಡ್ತಾರೆ.